ಮೈಲಾರವ್ವ ವಾಯರ್ ಕಿತ್ತಿರಲಿಲ್ಲ

ಮೈಲಾರವ್ವನ ಮೇಲಿನ ನೋಟಿಸನ್ನು ಮೈಲಾರವ್ವನೇ ಟೈಪ್ ಮಾಡಬೇಕಾಯಿತು. ಸಂಘದ ಆಫೀಸಿನಲ್ಲಿ ಕನ್ನಡ ಟೈಪ್ ಮಾಡಲು ಬರುವವರು ಬೇರೆ ಯಾರೂ ಇರಲಿಲ್ಲ. ಕಾರ್ಯದರ್ಶಿ ಮಡಿವಾಳೆಪ್ಪ ಕುರ್ಚಿಗೆ ಒರಗಿ, ಕಣ್ಣು ಮುಚ್ಚಿಕೊಂಡು, ಒಂದೊಂದೇ ವಾಕ್ಯ ಹೇಳಿದರು. ಆಕೆ ಒಂದೊಂದೇ ವಾಕ್ಯ ಹೊಡೆದಳು: ಕಂಪ್ಯೂಟರನ್ನು ಕ್ರಮಪ್ರಕಾರ ಬಂದ್ ಮಾಡದೆ ನೇರವಾಗಿ ವಾಯರ್ ಕಿತ್ತು, ಸಂಘದ ಕೆಲಸಕ್ಕೆ ಪದೇಪದೇ ಅಡಚಣೆ ಮಾಡಿದ ನಿಮ್ಮನ್ನು ಕೆಲಸದಿಂದ ಏಕೆ ತೆಗೆಯಬಾರದು ಎಂಬುದಕ್ಕೆ ಏಳು ದಿನಗಳೊಳಗೆ ಲಿಖಿತ ಉತ್ತರ ಕೊಡತಕ್ಕದ್ದು.

“ಮುಗೀತೇನ್ರಿ ಗೌಡ್ರ, ಇನ್ನೂ ಐತಿ?”

“ಇಷ್ಟ ಸಾಕು. ಪ್ರಿಂಟ್ ತಗಿ.”

ಆಕೆ ಎರಡು ಪ್ರತಿ ತೆಗೆದಳು. ಅವರು ಸಹಿ ಹಾಕಿ ಒಂದನ್ನು ಆಕೆಯ ಕೈಗೆ ಕೊಟ್ಟರು, ಮುಟ್ಟಿದ್ದಕ್ಕೆ ಇನ್ನೊಂದರ ಮೇಲೆ ಆಕೆಯ ಸಹಿ ತೆಗೆದುಕೊಂಡರು. ನಂತರ ಚಹಾ ಕೇಳಿದರು. ಹದಿನಾಲ್ಕು ವರ್ಷ ಒಂದೇ ಕೋಣೆಯಲ್ಲಿ ಎದುರುಬದುರು ಕೂತವರು ಅವರು. ಆ ಚಹಾವನ್ನು ಆಕೆ ಮಾಡಿಕೊಟ್ಟಳು ಎಂಬುದನ್ನೂ ಹೇಳಬೇಕು. ಸಕ್ಕರೆ ಸರಿಯಾಗಿಯೇ ಇತ್ತಂತೆ.

ದುಮ್ಮವಾಡದಿಂದ ಕಲಘಟಗಿ ಕಡೆಗೆ ಹೋಗುವ ರಸ್ತೆಯ ಬದಿಯಲ್ಲಿ ಆ ಕಬ್ಬು ಬೆಳೆಗಾರರ ಸಂಘದ ಎರಡು ಕೋಣೆಯ ಆಫೀಸು ಇದೆ. ಅದರ ಮುಖ್ಯ ಕೆಲಸ ಯಾರ ಹೊಲದ ಕಬ್ಬು ಯಾವ ದಿನ ಕಡಿಯಬೇಕು ಎಂಬ ಪಾಳಿ ಹಚ್ಚುವುದು. ರೈತರು ಇನ್ನೂರ ಹನ್ನೆರಡು ಮಂದಿ, ಕಬ್ಬು ಕಡಿಯುವ ಗ್ಯಾಂಗುಗಳು ಮೂರು. ಬೆಳಿಗ್ಗೆ ಎಂಟಕ್ಕೆ ಪಾಳಿಯ ಚೀಟಿ ಪ್ರಿಂಟಾಗಿ ಗ್ಯಾಂಗಿನ ಮುಖಂಡರ ಕೈ ಸೇರಬೇಕು. ಒಂಬತ್ತಾದರೂ ಚೀಟಿ ಸಿಗದಿದ್ದರೆ ಅವರ ಟ್ರ್ಯಾಕ್ಟರು ಪಕ್ಕದ ಊರಿಗೆ ತಿರುಗುತ್ತದೆ. ಆ ದಿನ ಪಾಳಿ ಇದ್ದವನ ಕಬ್ಬು ಇನ್ನೊಂದು ದಿನ ಒಣಗಿ ತೂಕ ಕಳೆದುಕೊಳ್ಳುತ್ತದೆ.

ಮೈಲಾರವ್ವನಿಗೆ ಈಗ ಮೂವತ್ತೊಂಬತ್ತು. ತಂದೆ ಅಮೋಘಸಿದ್ದಪ್ಪ ಕುರಿ ಕಾಯುತ್ತಿದ್ದರು. ಮಗಳನ್ನು ಪಿಯುಸಿ ವಿಜ್ಞಾನದವರೆಗೆ ಓದಿಸಿದರು. ಕಸ ಹೊಡೆಯಲು, ಚಹಾ ಮಾಡಲು ಎಂದು ಆಕೆ ಸಂಘಕ್ಕೆ ಸೇರಿದಳು. ಮರುವರ್ಷ ಯಾವುದೋ ಇಂಜಿನಿಯರಿಂಗ್ ಕಾಲೇಜಿನ ನಾಲ್ಕು ವಿದ್ಯಾರ್ಥಿಗಳು ಬಂದು, ಹಳೆಯ ಕಂಪ್ಯೂಟರೊಂದಕ್ಕೆ ಲಿನಕ್ಸ್ ಹಾಕಿ, ಪಾಳಿಯ ಪಟ್ಟಿ ಮಾಡುವ ಪ್ರೋಗ್ರಾಮ್ ಬರೆದು, ಒಂಬತ್ತು ಹಾಳೆಯ ಸೂಚನೆಗಳನ್ನು ಪಿನ್ ಮಾಡಿಟ್ಟು ಹೋದರು. ಮಡಿವಾಳೆಪ್ಪ ಆ ಹಾಳೆಗಳನ್ನು ನಾಲ್ಕು ಮಡಿಕೆ ಮಾಡಿ, ಅಲುಗಾಡುತ್ತಿದ್ದ ಮೇಜಿನ ಕಾಲಿಗೆ ಕೊಟ್ಟರು. ಮೂರು ದಿನದ ಮೇಲೆ ಮೈಲಾರವ್ವ ಅಲ್ಲಿಗೆ ಒಂದು ಕಟ್ಟಿಗೆಯ ಚೂರು ತುರುಕಿ, ಹಾಳೆಗಳನ್ನು ಎಳೆದುಕೊಂಡು ಓದಿದಳು. ಅಂದಿನಿಂದ ಕಂಪ್ಯೂಟರು ಆಕೆಯದು. ಪಗಾರದಲ್ಲಿ ಆಕೆ ಇಂದಿಗೂ ಕಸ ಹೊಡೆಯುವವಳೇ.

ಆಕೆ ಹೇಗೆ ಕೆಲಸ ಮಾಡುತ್ತಾಳೆ ಎಂದರೆ, ಬೆಳಿಗ್ಗೆ ಗುಂಡಿ ಒತ್ತಿದ ಹೊತ್ತು, ಪರದೆ ತೆರೆದ ಹೊತ್ತು, ಸಂಜೆ ಬಂದ್ ಮಾಡಿದ ಹೊತ್ತು, ಮೂರನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಾಳೆ. ಬರೆಯಲು ಯಾರೂ ಹೇಳಿರಲಿಲ್ಲ. ಗುಂಡಿ ಒತ್ತಿದರೆ ಒಂದೂವರೆ ನಿಮಿಷಕ್ಕೆ ಪರದೆ ತೆರೆಯಬೇಕು. ಹನ್ನೆರಡು ವರ್ಷ ಹಾಗೆಯೇ ತೆರೆದಿದೆ.

ಕಳೆದ ಮಹಾಲಯ ಅಮಾವಾಸ್ಯೆಯ ಮರುದಿನ ತೆರೆಯಲಿಲ್ಲ. ಕಪ್ಪು ಪರದೆಯ ಮೇಲೆ ಬಿಳಿ ಸಾಲುಗಳು ಬಂದವು: ಹಿಂದಿನ ಸಲ ಯಂತ್ರ ಸರಿಯಾಗಿ ಬಂದ್ ಆಗಿಲ್ಲ, ಡಿಸ್ಕಿನ ತಪಾಸಣೆ ನಡೆದಿದೆ. ವಿದ್ಯಾರ್ಥಿಗಳು ಹಾಕಿಕೊಟ್ಟ ವ್ಯವಸ್ಥೆ ಹಳೆಯ ಬಗೆಯದು, ಸಂಶಯ ಬಂದರೆ ಇಡೀ ಡಿಸ್ಕನ್ನು ಮೊದಲಿನಿಂದ ಓದುತ್ತದೆ. ಓದಿ ಮುಗಿಯಲು ಒಂದು ತಾಸು ಹತ್ತು ನಿಮಿಷ ಹಿಡಿಯಿತು. ಗ್ಯಾಂಗುಗಳು ಹೋಗಿಯೇ ಬಿಟ್ಟವು. ದೀಪಾವಳಿ ಅಮಾವಾಸ್ಯೆಯ ಮರುದಿನ ಮತ್ತೆ ಅದೇ ಆಯಿತು. ಪುಷ್ಯದಲ್ಲಿ ಆಯಿತು. ಶಿವರಾತ್ರಿಯ ಅಮಾವಾಸ್ಯೆಯಾದ ಮರುದಿನವೂ ಆಯಿತು. ಆ ದಿನ ಮಧ್ಯಾಹ್ನವೇ ನೋಟಿಸು ಹುಟ್ಟಿದ್ದು.

ಇಲ್ಲಿ ಅಮಾವಾಸ್ಯೆಯ ಕ್ರಮವನ್ನು ಸ್ವಲ್ಪ ಹೇಳಬೇಕು. ಆ ದಿನ ಯಾರೂ ಎತ್ತು ಹೂಡುವುದಿಲ್ಲ, ಗ್ಯಾಂಗುಗಳು ಕಬ್ಬಿಗೆ ಕುಡುಗೋಲು ಹಚ್ಚುವುದಿಲ್ಲ. ಟ್ರ್ಯಾಕ್ಟರು, ಪಂಪ್‌ಸೆಟ್ಟು, ಕಬ್ಬಿನ ಗಾಣ ಎಲ್ಲಕ್ಕೂ ಪೂಜೆ. ಸಂಘದಲ್ಲಿ ಕಂಪ್ಯೂಟರಿಗೂ ಪೂಜೆ. ಅದರಲ್ಲಿ ತಪ್ಪೇನೂ ಇಲ್ಲ. ತಿಂಗಳಿಗೊಮ್ಮೆ ಧೂಳು ಒರೆಸಿಕೊಂಡ ಯಂತ್ರ ಅಷ್ಟು ಹೆಚ್ಚು ದಿನ ಬಾಳುತ್ತದೆ. ತೊಂದರೆ ಪೂಜೆಯ ಜೊತೆಗೆ ಬರುವ ಅತಿಥಿಯದು. ಮಡಿವಾಳೆಪ್ಪನವರ ಅಕ್ಕನ ಮಗ ಈರೇಶ ಹುಬ್ಬಳ್ಳಿಯಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿದ್ದಾನೆ. ಇಂಜಿನಿಯರಿಂಗನ್ನು ಎರಡನೇ ವರ್ಷಕ್ಕೆ ಬಿಟ್ಟವನು. ಊರಿನವರು ಅವನನ್ನು ಇಂಜಿನಿಯರ್ ಸಾಹೇಬ್ರು ಎನ್ನುತ್ತಾರೆ, ಅವನು ಬೇಡವೆನ್ನುವುದಿಲ್ಲ. ಮಹಾಲಯದಿಂದ ಸಂಘದ ‘ತಾಂತ್ರಿಕ ಸಲಹೆಗಾರ’ ಎಂದು ಮಾಮಾ ಅವನನ್ನು ನೇಮಿಸಿದ್ದರು. ಅಮಾವಾಸ್ಯೆಗೆ ಬರುವುದು, ಮಾಮಾನ ಮನೆಯಲ್ಲಿ ಹೋಳಿಗೆ ಉಣ್ಣುವುದು, ಎರಡಕ್ಕೆ ಆಫೀಸಿಗೆ ಬಂದು ‘ಅಪ್‌ಡೇಟ್’ ಎಂಬ ಗುಂಡಿ ಒತ್ತುವುದು, ಅದು ಮುಗಿಯುವವರೆಗೆ ಬೆಂಚಿನ ಮೇಲೆ ನಿದ್ದೆ ಮಾಡುವುದು, ನಾಲ್ಕರ ಬಸ್ಸಿಗೆ ಹೋಗುವುದು. ಇಷ್ಟೇ ಸಲಹೆ. ಐದೂವರೆಗೆ ಯಂತ್ರವನ್ನು ಬಂದ್ ಮಾಡುವವಳು ಮೈಲಾರವ್ವ.

ಶಿವರಾತ್ರಿ ಅಮಾವಾಸ್ಯೆಯ ರಾತ್ರಿ ಮಾಮಾನ ಮನೆಯಲ್ಲೇ ಉಳಿದಿದ್ದ ಈರೇಶ ಮರುದಿನ ಕಪ್ಪು ಪರದೆಯ ಎದುರು ನಿಂತು ತೀರ್ಪು ಕೊಟ್ಟ.

“ಮಾಮಾ, ಮಶೀನೇ ಹೇಳಾಕತ್ತೈತಲ್ಲ, ಸರಿಯಾಗಿ ಬಂದ್ ಆಗಿಲ್ಲ ಅಂತ. ಇದಕ್ಕ ಇನ್ನ ಸಾಕ್ಷಿ ಬೇಕೇನು? ಲಗೂನ ಮನಿಗೆ ಹೋಗೂ ಸಲುವಾಗಿ ವಾಯರ್ ಕಿತ್ತು ಹೋಗ್ಯಾಳ.”

“ನಾ ಕಿತ್ತಿಲ್ರಿ. ಐದೂ ಮೂವತ್ತೆರಡಕ್ಕ ಕ್ರಮದ ಪ್ರಕಾರ ಬಂದ್ ಮಾಡೇನಿ, ಬರದಿಟ್ಟೇನಿ” ಎಂದಳು ಮೈಲಾರವ್ವ.

“ನೀ ಬರದದ್ದ ನಂಬಬೇಕೋ, ಮಶೀನ್ ಬರದದ್ದ ನಂಬಬೇಕೋ?”

ಮಡಿವಾಳೆಪ್ಪನವರಿಗೆ ಈ ವಾದ ಬಹಳ ಹಿಡಿಸಿತು. ಅವರು ಮಶೀನು ಬರೆದದ್ದನ್ನೂ ಓದಿದವರಲ್ಲ, ಮೈಲಾರವ್ವ ಬರೆದದ್ದನ್ನೂ ಓದಿದವರಲ್ಲ. ಆದ್ದರಿಂದ ಅವರಿಗೆ ತೀರ್ಮಾನ ಸುಲಭವಾಯಿತು. ಕಮಿಟಿಯ ಏಳು ಮಂದಿಯಲ್ಲಿ ನಾಲ್ವರು ಇದು ಆಕೆಯ ಕೈಗುಣ ಎಂದರು. ಇಬ್ಬರು ಅಮಾಸಿಯ ಕಾಟ ಎಂದರು. ಉಳಿದ ಒಬ್ಬರು ಎರಡೂ ಇರಬಹುದು ಎಂದು ಎಲ್ಲರನ್ನೂ ಸಮಾಧಾನಪಡಿಸಿದರು. ಏಳು ತಲೆಗಳು ಸೇರಿ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ಮೈಲಾರವ್ವ ಕೇಳಿದಳು. ಮೊದಲ ಪ್ರಶ್ನೆ ತನ್ನ ನೋಟ್‌ಬುಕ್ಕಿಗೆ: ಮಹಾಲಯದಿಂದ ಶಿವರಾತ್ರಿಯವರೆಗೆ ಅಮಾವಾಸ್ಯೆ ಆರು, ಕೆಟ್ಟ ಬೆಳಗು ನಾಲ್ಕು. ಉಳಿದ ಎರಡು ಯಾವವು? ಒಂದು ಎಳ್ಳಮಾವಾಸ್ಯೆ. ಆ ದಿನ ಊರಿಗೆ ಊರೇ ಭೂತಾಯಿಗೆ ಎಡೆಯ ಚರಗ ಚೆಲ್ಲಲು ಹೊಲಕ್ಕೆ ಹೋಗಿತ್ತು. ಈರೇಶನೂ ಮಾಮಾನ ಹೊಲದಲ್ಲಿ ಸಜ್ಜಿರೊಟ್ಟಿ, ಎಣ್ಣೆಗಾಯಿ ತಿಂದು ಮರದ ನೆರಳಿಗೆ ಮಲಗಿದ್ದ, ಆಫೀಸಿಗೆ ಬರಲಿಲ್ಲ. ಮೈಲಾರವ್ವ ಸಂಜೆ ಬಂದು ಮರುದಿನದ ಪಾಳಿ ಹಚ್ಚಿ, ಎಂದಿನಂತೆ ಯಂತ್ರ ಬಂದ್ ಮಾಡಿದ್ದಳು. ಮರುದಿನ ಒಂದೂವರೆ ನಿಮಿಷಕ್ಕೆ ಪರದೆ ತೆರೆಯಿತು. ಅಮಾವಾಸ್ಯೆ ಇತ್ತು, ಮೈಲಾರವ್ವನ ಕೈಯೂ ಇತ್ತು, ಈರೇಶ ಇರಲಿಲ್ಲ.

ಇದರಿಂದ ಅವನೇ ಕಾರಣ ಎಂಬ ತೀರ್ಮಾನಕ್ಕೆ ಆಕೆ ಹಾರಲಿಲ್ಲ. ಯಾಕೆಂದರೆ ಕಾರ್ತಿಕದ ಅಮಾವಾಸ್ಯೆಯಂದು ಈರೇಶ ಬಂದಿದ್ದ, ಗುಂಡಿ ಒತ್ತಿದ್ದ, ಮಲಗಿದ್ದ. ಮರುದಿನ ಯಂತ್ರ ಚೆನ್ನಾಗಿಯೇ ಎದ್ದಿತ್ತು. ಹೊಂದದ ಈ ಒಂದು ದಿನವನ್ನು ಮುಚ್ಚಿಟ್ಟುಕೊಂಡು ವಾದ ಮಾಡಬಹುದಿತ್ತು, ಕಮಿಟಿಯವರಿಗೆ ಗೊತ್ತೂ ಆಗುತ್ತಿರಲಿಲ್ಲ. ಆಕೆ ಅದರ ಕೆಳಗೆ ಗೆರೆ ಎಳೆದಳು. ಯಾವ ದಿನ ಏನೇನು ಹೊಸದು ಹಾಕಿದೆ ಎಂಬುದನ್ನು ಯಂತ್ರ ತಾನೇ ಬರೆದಿಟ್ಟಿರುತ್ತದೆ. ಐದು ಅಪ್‌ಡೇಟುಗಳ ಪಟ್ಟಿಯನ್ನು ಪ್ರಿಂಟ್ ತೆಗೆದು ಮನೆಗೆ ಒಯ್ದಳು. ಗಂಡ ಪುಂಡಲೀಕ ಒಂದೊಂದೇ ಹೆಸರನ್ನು ತಪ್ಪುತಪ್ಪಾಗಿ ಓದುತ್ತ ಹೋದ, ಆಕೆ ಟಿಕ್ ಹಾಕುತ್ತ ಹೋದಳು. ಕೆಟ್ಟ ನಾಲ್ಕು ದಿನವೂ ಮೂಲ ಲೈಬ್ರರಿಯೋ ಅದರ ಜೊತೆಯ ಇನ್ನೊಂದೋ ಬದಲಾಗಿತ್ತು. ಲೈಬ್ರರಿ ಎಂದರೆ ಎಲ್ಲ ಪ್ರೋಗ್ರಾಮುಗಳೂ ಹಂಚಿಕೊಂಡು ಬಳಸುವ ಕಡತ. ಕಾರ್ತಿಕದಲ್ಲಿ ಬದಲಾದದ್ದು ಬರೀ ಅಕ್ಷರದ ಫಾಂಟು ಮತ್ತು ಪ್ರಿಂಟರಿನ ಸಣ್ಣಪುಟ್ಟ ಸಾಮಾನು.

ಎರಡನೇ ಪ್ರಶ್ನೆ ಯಂತ್ರಕ್ಕೆ: ಬಂದ್ ಆಗುವಾಗ ನೀನು ಏನು ಹೇಳುತ್ತೀ? ಇದನ್ನು ಯಾರೂ ನೋಡಿರಲಿಲ್ಲ. ಕರೆಂಟು ಉಳಿಯಲಿ ಎಂದು ಮಡಿವಾಳೆಪ್ಪ ಮಾಡಿದ ನಿಯಮದಂತೆ ಮೊದಲು ಮಾನಿಟರ್ ಆರಿಸಬೇಕು, ಆಮೇಲೆ ಯಂತ್ರ. ಯಂತ್ರದ ಕೊನೆಯ ಮಾತು ಹನ್ನೆರಡು ವರ್ಷ ಕತ್ತಲೆಗೆ ಹೇಳಿದಂತಾಗಿತ್ತು. ನೋಟಿಸಿನ ಮೂರನೇ ದಿನ, ಅಮಾವಾಸ್ಯೆಯ ಗಾಳಿಯೂ ಇಲ್ಲದ ತದಿಗೆಯ ಸಂಜೆ, ಆಕೆ ಅದೇ ಮೂಲ ಲೈಬ್ರರಿಯನ್ನು ತಾನೇ ಮತ್ತೊಮ್ಮೆ ಹಾಕಿದಳು. ಮಾನಿಟರ್ ಆರಿಸಲಿಲ್ಲ. ಪುಂಡಲೀಕನ ಮೊಬೈಲನ್ನು ಪರದೆಯ ಎದುರು ಹಿಡಿದು ಯಂತ್ರ ಬಂದ್ ಮಾಡಿದಳು. ವಿಡಿಯೊವನ್ನು ನಿಧಾನ ಮಾಡಿ ನೋಡಿದಾಗ, ಕೊನೆಗೆ ಎರಡು ಸೆಕೆಂಡು ಒಂದು ಸಾಲು ನಿಂತಿತ್ತು: ಡಿಸ್ಕ್ ‘ಬಿಜಿ’ ಇದೆ, ಬಿಡಿಸಲು ಬರುವುದಿಲ್ಲ. ಮರುದಿನ ಎದ್ದು ಆರಕ್ಕೇ ಆಫೀಸಿಗೆ ಹೋದಳು, ತಪಾಸಣೆ ನಡೆಯುತ್ತದೆಂದು ಗೊತ್ತಿತ್ತು. ನಡೆಯಿತು. ಎಂಟರ ಚೀಟಿ ತಪ್ಪಲಿಲ್ಲ.

ಯಾರು ಬಿಜಿ? ಯಾವ ಪ್ರೋಗ್ರಾಮು ಯಾವ ಕಡತವನ್ನು ಹಿಡಿದು ಕೂತಿದೆ ಎಂದು ತೋರಿಸುವ ಆಜ್ಞೆ ಆ ಒಂಬತ್ತು ಹಾಳೆಗಳ ಏಳನೆಯದರಲ್ಲಿತ್ತು. ನಾಲ್ಕನೇ ದಿನ ಲೈಬ್ರರಿಯನ್ನು ಇನ್ನೊಮ್ಮೆ ಹಾಕಿ ಆ ಆಜ್ಞೆ ಕೊಟ್ಟಳು. ಉದ್ದ ಪಟ್ಟಿ ಬಂತು. ಅಳಿಸಿಹೋದ ಹಳೆಯ ಲೈಬ್ರರಿಯನ್ನು ಇನ್ನೂ ಹಿಡಿದವರು ಹತ್ತಾರು ಮಂದಿ, ಅವರಲ್ಲಿ ನಂಬರ್ ಒಂದು ಕೂಡ. ಯಂತ್ರ ಎದ್ದಾಗ ಎಲ್ಲಕ್ಕೂ ಮೊದಲು ಹುಟ್ಟುವ ಪ್ರೋಗ್ರಾಮದು. ಮಿಕ್ಕವನ್ನೆಲ್ಲ ಎಬ್ಬಿಸುವುದೂ ಅದೇ, ಸಂಜೆ ಮಲಗಿಸುವುದೂ ಅದೇ.

ಆ ಹೊತ್ತಿಗೆ ಬಾಗಿಲಲ್ಲಿ ನಬೀಸಾಬ ಬಂದು ನಿಂತರು. ಅವರದು ಎರಡು ಎಕರೆ ಕಬ್ಬು. ಶಿವರಾತ್ರಿ ಅಮಾವಾಸ್ಯೆಯ ಮರುದಿನ ತಪ್ಪಿದ್ದು ಅವರದೇ ಪಾಳಿ.

“ಏನವಾ ತಂಗಿ, ನಿನ್ನ ಮಶೀನು ಇವತ್ತರ ಎಚ್ಚರ ಆಗೈತೋ ಇಲ್ಲೋ? ನನ್ನ ಕಬ್ಬು ಹೂ ಬಿಟ್ಟು ನಿಂತೈತಿ. ಇನ್ನ ಅದರ ಮದಿವಿ ಮಾಡೂದೊಂದ ಬಾಕಿ.”

“ನಾಳಿದ್ದ ನಿಮ್ಮ ಪಾಳಿ ಐತ್ರಿ ಕಾಕಾ. ಕುಂದರ್ರಿ.”

“ಹಂಗಂದ್ರ ನೀ ಇರ್ತೀಯೇನು? ನಿನ್ನ ತಗದಹಾಕ್ತಾರಂತ ಊರೆಲ್ಲಾ ಅಂತೈತಿ.”

“ಅದನ್ನ ನೋಡಾಕತ್ತೇನಿ.” ಆಕೆ ಕುರ್ಚಿ ತಿರುಗಿಸಿದಳು. “ಕಾಕಾ, ನಿಮ್ಮ ಪಡಸಾಲ್ಯಾಗ ಒಂದ ಜಮಖಾನಿ ಹಾಸೈತಿ ಅನ್ರಿ. ಮ್ಯಾಲ ಹತ್ತ ಮಂದಿ ಕುಂತಾರ. ನೀವು ನವಲಗುಂದಕ್ಕ ಹೋಗಿ ಹೊಸಾದು ತಂದು ಬಾಜೂಕ ಹಾಸಿದ್ರಿ. ಹಳೇದು ತಗೀಬೇಕು.”

“ತಗೀಬೇಕಂದ್ರ ಮಂದೀನ ಎಬ್ಬಸಬೇಕು.”

“ಸಂಜೀಕೆ ಒಂಬತ್ತ ಮಂದಿ ಎದ್ದು ಮನಿಗೆ ಹೊಕ್ಕಾರ. ಹತ್ತನೇದಾಂವ ಮನಿ ಹಿರ್ಯಾ. ಬಾಗಲಾ ಹಾಕೂದ ಅವನ ಕೆಲಸ, ಅಂವ ಎಲ್ಲೀ ಹೋಗಂಗಿಲ್ಲ. ಅಂವ ಕುಂತಿರೂತನಕ ಹಳೇದು ಸುತ್ತಾಕ ಬರಂಗಿಲ್ಲ. ಸುತ್ತಲಿಲ್ಲಂದ್ರ ಪಡಸಾಲಿ ಸ್ವಚ್ಛ ಆತು ಅಂತ ಬರ್ಯಾಕ ಬರಂಗಿಲ್ಲ.”

“ಮತ್ತ ಮುಂಜಾನೆ ಬಂದಾವ್ರು ಹೊಲಸೈತಿ ಅಂತ ಕಸಾ ಹೊಡ್ಯಾಕಿಗೆ ಬೈತಾರ.”

“ಬೈದಾರಲ್ರಿ. ಟೈಪ್ ಮಾಡಿಸಿ ಬೈದಾರ.”

ನಬೀಸಾಬ ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡರು. “ಅಲ್ಲಬೇ, ಆ ಹಿರ್ಯಾಗ ‘ಒಂದ ಗಳಿಗಿ ಎದ್ದು ಹೊಸಾದರ ಮ್ಯಾಲ ಕುಂದರಪಾ’ ಅಂತ ಹೇಳಾಕ ನಿಮ್ಮ ಮಶೀನ್‌ನ್ಯಾಗ ಯಾರಿಗೂ ಬಾಯಿಲ್ಲೇನು?”

ಮೈಲಾರವ್ವ ಕೀಬೋರ್ಡಿನ ಕಡೆ ತಿರುಗಿದಳು. ಆ ಮೊದಲ ಪ್ರೋಗ್ರಾಮಿನ ಕೈಪಿಡಿ ಯಂತ್ರದೊಳಗೇ ಇತ್ತು, ಇಂಗ್ಲಿಷಿನಲ್ಲಿ. ಮೊಬೈಲಿನ ನಿಘಂಟು ಪಕ್ಕಕ್ಕಿಟ್ಟುಕೊಂಡು ಒಂದು ತಾಸು ಓದಿದಳು. ಅಂಥ ಆಜ್ಞೆ ಇತ್ತು. ‘ಟೆಲ್‌ಇನಿಟ್ ಯು’ ಎಂದು ಬರೆದರೆ ಮೊದಲ ಪ್ರೋಗ್ರಾಮು ತನ್ನ ಕೆಲಸ ಬಿಡದೆ ತನ್ನನ್ನೇ ಹೊಸದಾಗಿ ಶುರುಮಾಡಿಕೊಳ್ಳುತ್ತದೆ, ಆಗ ಹೊಸ ಲೈಬ್ರರಿಯನ್ನು ಹಿಡಿಯುತ್ತದೆ. ಆಜ್ಞೆ ಕೊಟ್ಟು ಪಟ್ಟಿ ನೋಡಿದಳು. ಅಳಿಸಿದ ಕಡತ ಹಿಡಿದವರಲ್ಲಿ ನಂಬರ್ ಒಂದು ಇರಲಿಲ್ಲ. ಸಂಜೆ ಬಂದ್ ಮಾಡಿದಾಗ ‘ಬಿಜಿ’ ಬರಲಿಲ್ಲ. ಮರುದಿನ ಒಂದೂವರೆ ನಿಮಿಷ. ಐದನೇ ಮತ್ತು ಆರನೇ ದಿನ ಎರಡು ಬಗೆಯನ್ನೂ ಇನ್ನೊಮ್ಮೆ ಮಾಡಿ ನೋಡಿ, ನೋಟಿಸಿಗೆ ಒಂದೂವರೆ ಪುಟದ ಉತ್ತರ ಬರೆದಳು. ಅದರಲ್ಲಿ ಯಾರನ್ನೂ ಬೈದಿರಲಿಲ್ಲ.

ಏಳನೇ ದಿನ ಕಮಿಟಿ ಸೇರಿತು. ಉತ್ತರವನ್ನು ಒಬ್ಬರಿಂದ ಒಬ್ಬರಿಗೆ ದಾಟಿಸಿದರು, ಪ್ರಸಾದ ದಾಟಿಸುವ ಹಾಗೆ. ಓದಿದ ಲಕ್ಷಣ ಯಾರ ಮುಖದಲ್ಲೂ ಇರಲಿಲ್ಲ. ಈರೇಶನನ್ನು ಬಸ್ ಹತ್ತಿಸಿ ಕರೆಸಿದ್ದರು.

“ಇದೆಲ್ಲಾ ಥಿಯರಿ” ಎಂದ ಈರೇಶ. “ಫಾರ್ಮ್ಯಾಟ್ ಹೊಡದು ಹೊಸಾ ಸಿಸ್ಟಮ್ ಹಾಕೂಣು. ನನ್ನ ಅಂಗಡ್ಯಾಗ ಐತಿ.”

ಮೈಲಾರವ್ವ ಎದ್ದು ಬಾಗಿಲ ಬಳಿಯ ಬೆಂಚಿಗೆ ಹೋಗಿ ಕೂತಳು. ಅಲ್ಲಿಂದ ಪ್ಲಗ್ಗಿಗೆ ಹದಿನೈದು ಅಡಿ. “ನಾ ಇಲ್ಲೇ ಕುಂದರ್ತೇನ್ರಿ. ಇಂಜಿನಿಯರ್ ಸಾಹೇಬ್ರು ನಾ ಬರದುಕೊಟ್ಟ ಒಂದು ಸಾಲು ಹೊಡೀಲಿ, ಲೈಬ್ರರಿ ಮತ್ತ ಹಾಕೂ ಸಾಲು. ಆಮ್ಯಾಲ ಗೌಡ್ರ ತಮ್ಮ ಕೈಲೇ ಬಂದ್ ಮಾಡ್ಲಿ. ಇವತ್ತ ಸಪ್ತಮಿ. ಅಮಾಸಿ ಅನ್ನಾಕ ಬರಂಗಿಲ್ಲ.”

ಈರೇಶ ಸಾಲು ಹೊಡೆದ. ಮೊದಲ ಸಲ ಒಂದು ಅಕ್ಷರ ಬಿಟ್ಟ, ಎರಡನೇ ಸಲ ಬೇರೊಂದನ್ನು ಸೇರಿಸಿದ, ಮೂರನೇ ಸಲಕ್ಕೆ ಯಂತ್ರ ಅವನ ಮೇಲೆ ಕರುಣೆ ತೋರಿತು. ಮಡಿವಾಳೆಪ್ಪ ಇಲಿಯನ್ನು ಹಿಡಿದ ಹಾಗೆ ಮೌಸನ್ನು ಹಿಡಿದು, ಹೇಳಿದ ಕಡೆ ಒತ್ತಿದರು. ಮಾನಿಟರ್ ಆರಿಸಲು ಹೋದ ಕೈಯನ್ನು ನಬೀಸಾಬ ಕಿಟಕಿಯ ಹೊರಗಿನಿಂದ ಕೂಗಿ ತಡೆದರು. ಎಲ್ಲರ ಕಣ್ಣೆದುರು ‘ಬಿಜಿ’ ಬಂತು. ಯಂತ್ರ ಆರಿತು. ಮತ್ತೆ ಹಚ್ಚಿದಾಗ ಕಪ್ಪು ಪರದೆ, ಬಿಳಿ ಸಾಲು: ಸರಿಯಾಗಿ ಬಂದ್ ಆಗಿಲ್ಲ.

“ಯಾಕ್ರಿ ಗೌಡ್ರ,” ನಬೀಸಾಬರ ದನಿ ಕಿಟಕಿಯಿಂದ ಬಂತು, “ಲಗೂನ ಮನಿಗೆ ಹೋಗೂದಿತ್ತೇನು? ವಾಯರ್ ಕಿತ್ತೀರಲ್ಲ.”

“ನಾ ಎಲ್ಲಿ ಕಿತ್ತೆ? ಎಲ್ಲಾರೂ ನೋಡ್ಯಾರ!”

“ನೀವು ಹೇಳಿದ್ದ ನಂಬಬೇಕೋ, ಮಶೀನ್ ಬರದದ್ದ ನಂಬಬೇಕೋ?”

ಒಂದು ತಾಸು ಹತ್ತು ನಿಮಿಷ ಅವರೆಲ್ಲ ಕೂತರು. ನಡುವೆ ಒಬ್ಬರು ಈ ಸಪ್ತಮಿಯೂ ಅಷ್ಟು ಒಳ್ಳೆಯ ತಿಥಿಯಲ್ಲ ಎಂದರು. ಎರಡನೇ ಸಲ ಅದೇ ಲೈಬ್ರರಿ, ಅದೇ ಮಡಿವಾಳೆಪ್ಪ, ನಡುವೆ ಮಾತ್ರ ಮೈಲಾರವ್ವ ಹೇಳಿಕೊಟ್ಟ ಆ ಆಜ್ಞೆ. ಯಂತ್ರ ಸದ್ದಿಲ್ಲದೆ ಆರಿತು, ಒಂದೂವರೆ ನಿಮಿಷಕ್ಕೆ ತೆರೆಯಿತು.

“ಇದು ನನಗ ಮೊದಲ ಡೌಟ್ ಇತ್ತು” ಎಂದ ಈರೇಶ. ಅವನ ಮುಖವನ್ನು ಯಾರೂ ನೋಡಲಿಲ್ಲ. ಅವನು ನಾಲ್ಕರ ಬಸ್ಸನ್ನು ನೆನಪಿಸಿಕೊಂಡ.

ಮಡಿವಾಳೆಪ್ಪ ಗಂಟಲು ಸರಿಪಡಿಸಿಕೊಂಡರು. “ಆತ ಬಿಡು ಮೈಲಾರವ್ವಾ. ಮುಗೀತು. ಚಹಾ ಮಾಡು.”

“ಚಹಾ ಮಾಡ್ತೇನ್ರಿ. ಮೊದಲ ಬರೀರಿ.”

“ಏನ ಬರ್ಯೂದು?”

“ನೋಟಿಸ್ ಬರದು ಕೊಟ್ಟೀರಿ. ಇದನ್ನೂ ಬರದು ಕೊಡ್ರಿ.”

ಅವರು ಕಮಿಟಿಯ ಕಡೆ ನೋಡಿದರು. ಕಮಿಟಿ ಗೋಡೆಯ ಕ್ಯಾಲೆಂಡರು ನೋಡಿತು. ಆಕೆ ಕಂಪ್ಯೂಟರಿನ ಮುಂದೆ ಬಂದು ಕೂತು ಬೆರಳು ಇಟ್ಟಳು. ಅವರು ಕಣ್ಣು ಮುಚ್ಚಿಕೊಂಡು ಹೇಳಿದರು: “ಉತ್ತರವನ್ನು ಪರಿಶೀಲಿಸಿ, ಮಾನವೀಯತೆಯ ದೃಷ್ಟಿಯಿಂದ, ಸದರಿಯವರನ್ನು ಕ್ಷಮಿಸಲಾಗಿದೆ.”

ಕೀಲಿಯ ಸದ್ದು ಕೇಳಲಿಲ್ಲ. ಅವರು ಕಣ್ಣು ತೆರೆದರು.

“ಕ್ಷಮಾ ಮಾಡಾಕ ನಾ ತಪ್ಪ ಏನ ಮಾಡೇನ್ರಿ?” ಎಂದಳು ಮೈಲಾರವ್ವ. ದನಿ ಏರಿರಲಿಲ್ಲ. “ತಪ್ಪಿಲ್ಲಂತ ಬರೀರಿ. ನೋಟಿಸ್ ಹಿಂದ ತಗೊಂಡೇವಂತ ಬರೀರಿ. ಇಲ್ಲಂದ್ರ ನಾಳಿನ ಚೀಟಿ ಕ್ಷಮಾ ಮಾಡಿದವ್ರ ತಗೀಲಿ.”

ನಾಳೆಯ ಚೀಟಿಯಲ್ಲಿ ಕಮಿಟಿಯ ಇಬ್ಬರ ಪಾಳಿ ಇತ್ತು. ನ್ಯಾಯದ ಬಗ್ಗೆ ಅವರಿಬ್ಬರಿಗೆ ಇದ್ದಕ್ಕಿದ್ದಂತೆ ಬಹಳ ಕಾಳಜಿ ಹುಟ್ಟಿತು. “ಬರದು ಕೊಡ್ರಿ ಮಡಿವಾಳೆಪ್ಪ, ಅದರಾಗೇನೈತಿ” ಎಂದರು ಇಬ್ಬರೂ. ಮಡಿವಾಳೆಪ್ಪ ಇನ್ನೊಮ್ಮೆ ಹೇಳಿದರು. ಆಕೆ ಹೊಡೆದಳು: ದೋಷವು ಲೈಬ್ರರಿ ಬದಲಾವಣೆಯ ನಂತರ ಯಂತ್ರದ ವ್ಯವಸ್ಥೆಯಿಂದ ಉಂಟಾದದ್ದೆಂದು ಖಚಿತವಾಗಿದ್ದು, ಸಿಬ್ಬಂದಿಯ ಯಾವ ತಪ್ಪೂ ಇರುವುದಿಲ್ಲವಾದ್ದರಿಂದ, ನೋಟಿಸನ್ನು ಹಿಂಪಡೆಯಲಾಗಿದೆ. ಇನ್ನು ಮುಂದೆ ಅಪ್‌ಡೇಟನ್ನು ಮೈಲಾರವ್ವನವರೇ ಮಾಡತಕ್ಕದ್ದು.

ಕೊನೆಯ ವಾಕ್ಯವನ್ನು ಮಡಿವಾಳೆಪ್ಪ ಹೇಳಿರಲಿಲ್ಲ. ಪ್ರಿಂಟ್ ಕೈಗೆ ಬಂದಾಗ ಅವರು ಅದನ್ನು ಓದಲೂ ಇಲ್ಲ. ಎಂದಿನಂತೆ ಕೆಳಗೆ ಜಾಗ ಹುಡುಕಿ ಸಹಿ ಹಾಕಿದರು. ಆಕೆ ಸಹಿ ಒಣಗಲು ಬಿಟ್ಟು, ಕಮಿಟಿಗೆಲ್ಲ ಕೇಳುವಂತೆ ಹಾಳೆಯನ್ನು ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿದಳು. ಕೊನೆಯ ವಾಕ್ಯ ಬಂದಾಗ ಒಂದು ಕ್ಷಣ ನಿಂತು ಮಡಿವಾಳೆಪ್ಪನವರ ಮುಖ ನೋಡಿದಳು. ಅವರು ಹೂಂ ಎಂಬಂತೆ ತಲೆ ಆಡಿಸಿದರು.

ಆಮೇಲೆ ಎದ್ದು ಚಹಾ ಇಟ್ಟಳು, ಕಿಟಕಿಯ ಹೊರಗೆ ನಿಂತವರಿಗೂ ಸೇರಿಸಿ.